ಅಡಕೆಯ ಕಲೆ: ಮಡಚುಕತ್ತಿ ಹುಡುಕಿಕೊಂಡು ಕಾಸರಗೋಡಿನಲ್ಲಿ ನಾಲ್ಕು ದಿನ

ಮೊದಲ ದಿನ: ಉಪ್ಪಳ, ಕುಂಬಳೆ, ನೀರ್ಚಾಲು

ಕೇರಳದ ಗಡಿ ತಲಪಾಡಿ ದಾಟಿದ ಕೂಡಲೇ ಅಂಗಡಿ ಬೋರ್ಡುಗಳ ಅಕ್ಷರ ಬದಲಾಯಿತು. ಮಾತು ಬದಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ. ಕಂಡಕ್ಟರ್ ಒಬ್ಬರ ಹತ್ತಿರ ಮಲಯಾಳದಲ್ಲಿ ಚಿಲ್ಲರೆ ಜಗಳ ಮುಗಿಸಿ, ನನ್ನ ಕಡೆ ತಿರುಗಿ "ಎಲ್ಲಿಗೆ ಅಕ್ಕಾ?" ಅಂದರು. ಉಪ್ಪಳ ಅಂದೆ.

ಫೆಬ್ರವರಿ ಎರಡನೆಯ ವಾರ. ರಾತ್ರಿ ಮೈಸೂರಿನಲ್ಲಿ ಬಸ್ ಹತ್ತುವಾಗ ಶಾಲು ಹೊದ್ದಿದ್ದೆ. ಇಲ್ಲಿ ಬೆಳಿಗ್ಗೆ ಎಂಟಕ್ಕೇ ಬೆನ್ನು ಬೆವರುತ್ತಿತ್ತು. ಹೆದ್ದಾರಿ 66ರ ಧೂಳಿಗೆ ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಬಾಯಿ ತುಂಬ ಮಣ್ಣು. ಕೊನೆಗೆ ತೆಗೆದೇ ಇಟ್ಟೆ.

ನಾನು ಮಡಚುವ ಚಾಕುಗಳನ್ನು ಸಂಗ್ರಹಿಸುತ್ತೇನೆ. 12 ವರ್ಷದಿಂದ ಸೇರಿಸಿದ್ದು 31 ಆಗಿವೆ. ಜಾತ್ರೆಯಲ್ಲಿ ಕೊಂಡ ಮೀನಿನ ಆಕಾರದ್ದು ಇದೆ, ಕಸಿ ಕಟ್ಟುವವರ ಚಾಕು ಇದೆ, ಯಾರೋ ಕೊಟ್ಟ ಸ್ವಿಸ್ ಚಾಕು ಇದೆ. ಶುರುವಾಗಿದ್ದು ಅಜ್ಜನ ಚಾಕುವಿನಿಂದ. ಅಮ್ಮನ ತವರು ನೀರ್ಚಾಲು. ಅಲ್ಲಿ ಅಜ್ಜನ ಎಲೆಯಡಕೆ ಚಂಚಿಯಲ್ಲಿ ಒಂದು ಮಡಚುಕತ್ತಿ ಯಾವಾಗಲೂ ಇರುತ್ತಿತ್ತು. ಅದರ ಅಲಗು ಕಪ್ಪು. ಕೊಳೆಯಲ್ಲ ಅದು. ಅಡಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಬಣ್ಣ ಹಿಡಿಯುತ್ತದೆ. ದಿನಾ ಐದಾರು ಅಡಕೆ ಹೋಳು ಮಾಡಿದರೆ ಅಲಗು ನವಿಲಿನ ಕುತ್ತಿಗೆಯ ಹಾಗೆ ಆಗುತ್ತದೆ. ಅಜ್ಜ ಹೋದ ಮೇಲೆ ಆ ಕತ್ತಿ ನನಗೆ ಬಂತು. ಆರು ವರ್ಷದ ಹಿಂದೆ, ಹಿಡಿಯ ಒಳಗಿನ ತುಕ್ಕು ತೆಗೆಸೋಣ ಅಂತ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಸಾಯಂಕಾಲ ಹೋದರೆ ಬಫ್ ಮಾಡಿ ಕನ್ನಡಿಯ ಹಾಗೆ ಹೊಳೆಸಿ ಇಟ್ಟಿದ್ದರು. ಅವರಿಗೆ ಅದು ಒಳ್ಳೆ ಕೆಲಸವೇ. ಆದರೆ ಅಜ್ಜನ 40 ವರ್ಷದ ಅಡಕೆ ಹತ್ತು ನಿಮಿಷದಲ್ಲಿ ಹೋಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತಿದ್ದು ನೆನಪಿದೆ. ಆಮೇಲೆ ನಾನು ಹೊಳೆಯುವ ಚಾಕು ಕೊಂಡಿಲ್ಲ.

ಉಪ್ಪಳದಲ್ಲಿ ಇಳಿದು, ಪುಟ್ಟು ಕಡಲೆ ತಿಂದು, ಗುಜರಿ ಅಂಗಡಿ ಕೇಳಿಕೊಂಡು ಹೋದೆ. ಹಳೆ ಚಾಕು ಸಿಗುವುದು ಆಂಟಿಕ್ ಅಂಗಡಿಯಲ್ಲಿ ಅಲ್ಲ, ಗುಜರಿಯಲ್ಲಿ. ಅದೂ ದೊಡ್ಡ ರಾಶಿಯಲ್ಲಿ ಅಲ್ಲ. ಬೀಗದ ಕೈ, ಬಾಗಿಲ ತಿರುಗಣೆ, ಕೊಡೆ ಕಡ್ಡಿ, ಮುರಿದ ಕತ್ತರಿ ಎಲ್ಲ ಹಾಕಿಡುವ ಒಂದು ಡಬ್ಬ ಎಲ್ಲ ಗುಜರಿಯಲ್ಲೂ ಇರುತ್ತದೆ. ಅದನ್ನು ಕೇಳಬೇಕು.

ಅಂಗಡಿಯ ಕಾಕಾ ಮೊದಲು ನಂಬಲಿಲ್ಲ. "ಮನೆಗೆ ಕತ್ತಿ ಬೇಕಾದ್ರೆ ಎದುರಿನ ಅಂಗಡಿಯಲ್ಲಿ ಹೊಸತು ಉಂಟಲ್ಲ?" ಅಂದರು. ಶಾಲೆಯಲ್ಲಿ ಟೀಚರ್, ಹಳೆ ಮಡಚುಕತ್ತಿ ಕೂಡಿಡುವುದು ನನ್ನ ಇಷ್ಟ ಅಂದೆ. ಟೀಚರ್ ಅಂದಿದ್ದೇ ಸಾಕಾಯಿತು. ಒಂದು ಸ್ಟೂಲ್ ಬಂತು, ಸುಲೈಮಾನಿ ಚಹಾ ಬಂತು, ಡಬ್ಬವೂ ಬಂತು. ಮುಕ್ಕಾಲು ಗಂಟೆ ಕೆದಕಿದೆ. ತಳದಲ್ಲಿ ಸಿಕ್ಕಿತು.

ಮುಚ್ಚಿದಾಗ ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಹಿಡಿಗೆ ಎಮ್ಮೆಯ ಕೊಂಬು, ಎರಡು ತುದಿಯಲ್ಲಿ ಬಿಳಿ ಲೋಹದ ಟೋಪಿ. ಕೊಂಬಿನ ಒಂದು ಬದಿ ಸವೆದು ಹೆಬ್ಬೆರಳಿನ ಗುಳಿ ಬಿದ್ದಿದೆ. ತುಕ್ಕು ಎಷ್ಟು ಹಿಡಿದಿತ್ತೆಂದರೆ ಅಲಗು ಅರ್ಧ ಇಂಚು ಎದ್ದು ಅಲ್ಲೇ ನಿಂತಿತು. ಭೂತಕನ್ನಡಿ ಇಟ್ಟು ನೋಡಿದೆ. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಅಗಲ ಕಾಲಿನ ಶಿಲುಬೆಯ ಅರ್ಧ. ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಮುದ್ರೆ ಇದೇ. ಬ್ರಿಟಿಷರ ಕಾಲದಲ್ಲಿ ಅವರ ಚಾಕುಗಳಿಗೆ ಎಷ್ಟು ಹೆಸರಿತ್ತೋ ಅವುಗಳ ನಕಲೂ ಅಷ್ಟೇ ಇತ್ತು. ಹಾಗಾಗಿ ಮುದ್ರೆ ನೋಡಿ ನಾನು ಹಿಗ್ಗುವುದಿಲ್ಲ. ನನ್ನನ್ನು ಹಿಡಿದಿದ್ದು ಹೆಬ್ಬೆರಳಿನ ಗುಳಿ. ಯಾರೋ ಒಬ್ಬರು ಇದನ್ನು ವರ್ಷಗಟ್ಟಲೆ ಒಂದೇ ರೀತಿ ಹಿಡಿದಿದ್ದಾರೆ.

ತೂಕಕ್ಕೆ ಹಾಕಿದರೆ ಐದು ರೂಪಾಯಿ ಇಲ್ಲ. ಕಾಕಾ 50 ಕೊಡಿ ಅಂದರು. ಇದರ ಬೆಲೆ ಜಾಸ್ತಿ ಅಂತ ಹೇಳಿ 500 ಕೊಟ್ಟೆ. ಗೊತ್ತಿಲ್ಲದವರ ಕೈಯಿಂದ ಗುಜರಿ ಬೆಲೆಗೆ ಎತ್ತಿಕೊಂಡು ಬರುವುದು ನನಗೆ ಸರಿ ಕಾಣುವುದಿಲ್ಲ. ಅವರು ಇನ್ನೊಂದು ಸುಲೈಮಾನಿ ತರಿಸಿದರು.

ಮಧ್ಯಾಹ್ನ ಕುಂಬಳೆ. ಅನಂತಪುರದ ಕೆರೆಯ ದೇವಸ್ಥಾನಕ್ಕೆ ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೋಗಿದ್ದೆ, ಮತ್ತೆ ಹೋದೆ. ಆಗ ನೋಡಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಕೆರೆಯ ನೀರು ಹಾಗೇ ಹಸಿರಾಗಿ, ಸದ್ದಿಲ್ಲದೆ ಇತ್ತು. ಕೆಂಪುಕಲ್ಲಿನ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ.

ಸಂಜೆ ಸೀತಾಂಗೋಳಿ ದಾಟಿ ನೀರ್ಚಾಲು. ಚಿಕ್ಕಮ್ಮ ಜಗಲಿಯಲ್ಲೇ ನಿಂತಿದ್ದರು. "ಬಾ ಕೂಸೇ, ಆಸರಿಂಗೆ ಎಂತ ಬೇಕು?" ಬೆಲ್ಲದ ತುಂಡು, ಸುರಂಗದ ನೀರು. ಈ ಊರಿನ ಗುಡ್ಡಗಳಲ್ಲಿ ಬಾವಿಯನ್ನು ಕೆಳಗೆ ತೋಡುವುದಿಲ್ಲ, ಅಡ್ಡಕ್ಕೆ ಕೊರೆಯುತ್ತಾರೆ. ಆಳೆತ್ತರದ ಸುರಂಗ, ಅದರ ತುದಿಯಿಂದ ಸಣ್ಣಗೆ ನೀರು. ಎಂಥ ಸೆಕೆಯಲ್ಲೂ ತಣ್ಣಗಿರುತ್ತದೆ.

ರಾತ್ರಿ ಒಂದು ತಪ್ಪು ಮಾಡಿದೆ. ತುಕ್ಕು ಹಿಡಿದ ಚಾಕುವಿನ ಕೀಲಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ನೆ ಇಡಬೇಕು. ಬೇರೆಯವರಿಗೆ ಹತ್ತು ಸಲ ಹೇಳಿದ್ದೇನೆ. ಆದರೂ ಊಟದ ಮೇಲೆ ತಾಳ್ಮೆ ತಪ್ಪಿ ಎಳೆದೆ. ಅಲಗು ಪೂರ್ತಿ ತೆರೆಯಿತು. ಬೆನ್ನಿನ ಸ್ಪ್ರಿಂಗ್ ಮುರಿದಿದ್ದು ಗೊತ್ತಿರಲಿಲ್ಲ. ಬಿಟ್ಟ ಕೂಡಲೇ ಅಲಗು ತೋರುಬೆರಳ ಮೇಲೆ ಬಿತ್ತು. ಚಿಕ್ಕಮ್ಮ ಟಾರ್ಚ್ ಹಿಡಿದು ಬೇಲಿಗೆ ಓಡಿ ಕಮ್ಯುನಿಸ್ಟ್ ಗಿಡದ ಸೊಪ್ಪು ಕಿತ್ತು ತಂದು, ಅಂಗೈಯಲ್ಲಿ ತಿಕ್ಕಿ ರಸ ಹಿಂಡಿದರು. ಉರಿ ತಲೆಗೇ ಹತ್ತಿತು, ರಕ್ತ ನಿಂತಿತು. ಗಡಿಯ ಈಚೆಗೂ ಆಚೆಗೂ ಆ ಕಳೆಗೆ ಇದೇ ಹೆಸರು, ಗಾಯಕ್ಕೆ ಇದೇ ಮದ್ದು.

ಎರಡನೆಯ ದಿನ: ಬದಿಯಡ್ಕದ ಹತ್ತಿರ, ಆಚಾರಿಯ ಕೊಟ್ಟಿಗೆಯಲ್ಲಿ

ಸೊಪ್ಪಿನ ರಸ ರಕ್ತ ನಿಲ್ಲಿಸುತ್ತದೆ, ಧನುರ್ವಾಯು ತಡೆಯುವುದಿಲ್ಲ. ಬೆಳಿಗ್ಗೆ ಮೊದಲು ಬದಿಯಡ್ಕಕ್ಕೆ ಹೋಗಿ ಟಿ.ಟಿ. ಚುಚ್ಚಿಸಿಕೊಂಡೆ. ಹಳೆ ಕಬ್ಬಿಣ ಮುಟ್ಟುವ ಹವ್ಯಾಸ ಇರುವವರು ಅದರ ಲೆಕ್ಕ ಇಟ್ಟುಕೊಳ್ಳಲೇಬೇಕು.

ಚಿಕ್ಕಮ್ಮನ ಮಗ ಬೈಕಿನಲ್ಲಿ ಕಬ್ಬಿಣದ ಕೆಲಸದ ಆಚಾರಿಯ ಮನೆಗೆ ಬಿಟ್ಟ. ರಸ್ತೆಯಿಂದ ಕೆಳಗೆ, ತೋಟದ ಅಂಚಿನಲ್ಲಿ ತಗಡಿನ ಕೊಟ್ಟಿಗೆ. ಹೊರಗೆ ನಾಲ್ಕು ಜನ ಕತ್ತಿ ಹಣಿಸಲು, ಅಂದರೆ ಬಡಿದು ಹರಿತ ಮಾಡಿಸಲು, ಕಾಯುತ್ತಿದ್ದರು. ಒಳಗೆ ತೆಂಗಿನ ಗೆರಟೆಯ ಇದ್ದಲು, ಕೈಯಲ್ಲಿ ತಿರುಗಿಸುವ ಬ್ಲೋವರ್, ನಡುವೆ ಸವೆದ ಅಡಿಗಲ್ಲು. ಆಚಾರಿಗೆ ಅರವತ್ತು ದಾಟಿದೆ. ಮಾತು ಕಡಿಮೆ. ನನ್ನ ಬೆರಳ ಪಟ್ಟಿ ನೋಡಿದರು, ಚಾಕು ಇಸಿದುಕೊಂಡರು, ತೆರೆದರು, ಮುಚ್ಚಿದರು.

"ಇದಕ್ಕೆ ಎಂತ ಆಗಿದೆ ಗೊತ್ತುಂಟಾ? ಸ್ಪ್ರಿಂಗ್ ಸತ್ತಿದೆ. ಸ್ಪ್ರಿಂಗ್ ಸತ್ತ ಕತ್ತಿಯನ್ನು ನಂಬಬಾರದು ಟೀಚರ್. ಯಜಮಾನನನ್ನೇ ಮೊದಲು ಕೊಯ್ಯುವುದು ಅದು."

ಇಂಥ ಮಡಚುಕತ್ತಿಗೆ ಬೀಗ ಇರುವುದಿಲ್ಲ. ಅಲಗನ್ನು ತೆರೆದಲ್ಲೂ ಮುಚ್ಚಿದಲ್ಲೂ ಹಿಡಿದಿಡುವುದು ಹಿಡಿಯ ಬೆನ್ನಿಗೆ ಕೂರಿಸಿದ ಒಂದು ಉಕ್ಕಿನ ಪಟ್ಟಿ ಮಾತ್ರ. ಅಲಗಿನ ಬುಡ ಚೌಕವಾಗಿರುತ್ತದೆ. ಪಟ್ಟಿ ಅದನ್ನು ಒತ್ತುತ್ತಿರುತ್ತದೆ. ಚೌಕದ ಮೂಲೆ ದಾಟುವಾಗ ಪಟ್ಟಿ ಮೇಲೆದ್ದು, ದಾಟಿದ ಕೂಡಲೇ ಟಕ್ ಅಂತ ಕೂರುತ್ತದೆ. ಒಳ್ಳೆ ಚಾಕು ಯಾವುದು ಅಂತ ನಾನು ಕಣ್ಣು ಮುಚ್ಚಿ, ಆ ಸದ್ದಿನಲ್ಲೇ ಹೇಳಬಲ್ಲೆ.

"ಹೊಸತು ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದೆ. ಅವರು ಉತ್ತರ ಕೊಡದೆ ಮೂಲೆಯಿಂದ ಒಂದು ಹಳೆ ಕೈಗರಗಸದ ಅಲಗು ತೆಗೆದು, ಬಗ್ಗಿಸಿ ಬಿಟ್ಟರು. ಅದು ಠಣ್ ಅಂತ ನೇರವಾಯಿತು. ಆಯ್ತು ಅಂತ ಅರ್ಥ.

ಅವರ ತಂದೆ ಮಡಚುಕತ್ತಿ ಮಾಡಿ ಕುಂಬಳೆ ಬೆಡಿ ಜಾತ್ರೆಗೆ ಒಯ್ದು ಮಾರುತ್ತಿದ್ದರಂತೆ. ಇವರು ಮಾಡದೆ 15 ವರ್ಷ ಆಗಿದೆ. ಕೇಳುವವರಿಲ್ಲ. ಕೆಲಸ ಕೈಯಲ್ಲಿ ಉಳಿದಿತ್ತು. ರಿವಿಟ್ಟಿನ ತಲೆಯನ್ನು ಅರದಿಂದ ಉಜ್ಜಿ, ಮೊಳೆಯಿಂದ ಹೊಡೆದು ಕಳಚಿದರು. ಕೊಂಬಿನ ಹಿಡಿಯನ್ನು ಬೆಂಕಿಯಿಂದ ದೂರ, ನೀರಿನ ಗಡಿಗೆಯ ಹತ್ತಿರ ಇಟ್ಟರು. ಕೊಂಬು ಬಿಸಿಗೆ ಸೊಟ್ಟಗಾಗುತ್ತದೆ. ಮುರಿದ ಪಟ್ಟಿಯನ್ನು ಅಚ್ಚಾಗಿ ಇಟ್ಟು ಗರಗಸದ ಉಕ್ಕಿನ ಮೇಲೆ ಗೀಟು ಹಾಕಿ ಕತ್ತರಿಸಿದರು. ಮತ್ತೆ ಅರ. ಒಂದು ಗಂಟೆ ಬರೀ ಅರ. ನಡುನಡುವೆ ಹೊರಗಿನವರ ಕತ್ತಿ ಹಣಿಸಿ ಕೊಡುತ್ತಿದ್ದರು.

ಮುಖ್ಯವಾದದ್ದು ಹದ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ಮುಟ್ಟಿಸಿದರು. ಹಿಡಿಯಿತು. ಇನ್ನೂ ಸ್ವಲ್ಪ ಕಾಯಿಸಿದರು. ಈಗ ಹಿಡಿಯಲಿಲ್ಲ. ಉಕ್ಕು ಒಂದು ಮಟ್ಟಕ್ಕಿಂತ ಹೆಚ್ಚು ಕಾದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದೇ ಗುರುತು. ಕೂಡಲೇ ಎಣ್ಣೆಗೆ ಅದ್ದಿದರು. ನೀರಿಗೆ ಅದ್ದಿದರೆ ಇಷ್ಟು ತೆಳು ಪಟ್ಟಿ ಬಿರುಕು ಬಿಡಬಹುದು. ಈಗ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಬಗ್ಗಿಸಿದರೆ ಚೂರಾಗುತ್ತದೆ. ಅದನ್ನು ಸಾಣೆಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ಕಾದ ದಪ್ಪ ತಗಡಿನ ಮೇಲೆ ಇಟ್ಟರು.

"ಈಗ ನೋಡಿ. ಕಣ್ಣು ಮಿಟುಕಿಸಬೇಡಿ."

ಬಿಳಿ ಉಕ್ಕಿನ ಮೇಲೆ ಬಣ್ಣ ನಡೆದು ಬಂತು. ಮೊದಲು ಒಣಹುಲ್ಲಿನ ಬಣ್ಣ. ಆಮೇಲೆ ಕಂದು. ಆಮೇಲೆ ನೇರಳೆ. ನೇರಳೆಯ ಹಿಂದೆಯೇ ನೀಲಿ. ನೀಲಿ ಇಡೀ ಪಟ್ಟಿ ಮುಚ್ಚಿದ ಕ್ಷಣ ಇಕ್ಕಳದಲ್ಲಿ ಎತ್ತಿದರು.

"ಅಲಗು ಆದ್ರೆ ಹುಲ್ಲಿನ ಬಣ್ಣಕ್ಕೇ ತೆಗೀಬೇಕು. ಗಟ್ಟಿ ಬೇಕು, ಹರಿತ ನಿಲ್ಲಬೇಕು. ಸ್ಪ್ರಿಂಗ್ ನೀಲಿ ಬರುವವರೆಗೆ ಬಿಡಬೇಕು. ಅದು ಬಗ್ಗಬೇಕು, ಮತ್ತೆ ಎದ್ದು ನಿಲ್ಲಬೇಕು. ಒಂದೇ ಕತ್ತಿ, ಎರಡು ಬುದ್ಧಿ."

ಇಷ್ಟು ವರ್ಷ ಚಾಕು ಹಿಡಿದು ಕೂತರೂ ಇದನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು.

ಅಲಗನ್ನು ಹೊಳೆಸಬೇಡಿ, ತುಕ್ಕು ಮಾತ್ರ ಬಿಡಿಸಿ, ಕಪ್ಪು ಹಾಗೇ ಇರಲಿ ಅಂತ ಕೇಳಿಕೊಂಡೆ. ಅವರು ನನ್ನ ಮುಖ ನೋಡಿದರು. "ಗೊತ್ತಾಯ್ತು" ಅಂದರು. ನಾಡಿದ್ದು ಬನ್ನಿ ಅಂದರು.

ಮನೆಗೆ ಬರುವಾಗ ಮೂರು ಗಂಟೆ. ಮೂಡಣದಲ್ಲಿ ಮೋಡ ಕಟ್ಟಿತ್ತು. ಫೆಬ್ರವರಿಯಲ್ಲಿ ಮಳೆಯಾ ಅಂತ ಅಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಕೂಗು: "ಮಳೆ ಬತ್ತು ಕೂಸೇ, ಅಡಕ್ಕೆ!" ಅಂಗಳದ ತುಂಬ ಅಡಕೆ ಹರಡಿತ್ತು. ಚಾಲಿ ಅಡಕೆಗೆ ಹೆಚ್ಚುಕಡಿಮೆ 40 ಬಿಸಿಲು ಬೇಕು. ಇದು 30 ಬಿಸಿಲು ಕಂಡ ಅಡಕೆ. ಒಂದು ಮಳೆ ಬಿದ್ದರೆ ಬೂಸಲು, ಬೂಸಲು ಬಂದರೆ ರೇಟಿಲ್ಲ. ನೆರೆಮನೆಯವರು ಬೇಲಿ ಹಾರಿ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಸ್ಕೂಟರ್ ನಿಲ್ಲಿಸಿ ಬಂದು ಟಾರ್ಪಾಲಿನ ಒಂದು ಮೂಲೆ ಹಿಡಿದರು. ನಾನು ಪಟ್ಟಿ ಕಟ್ಟಿದ ಬೆರಳನ್ನು ಮೇಲೆತ್ತಿಕೊಂಡು ಒಂದೇ ಕೈಯಲ್ಲಿ ಬಾಚಿದೆ. ಕೊನೆಯ ರಾಶಿ ಮುಚ್ಚುವಾಗ ಹನಿ ಬಿತ್ತು. ಹತ್ತು ನಿಮಿಷ ಜೋರು ಮಳೆ, ಆಮೇಲೆ ಬಿಸಿಲು, ಕೆಂಪುಮಣ್ಣಿನ ವಾಸನೆ. ಸ್ಕೂಟರಿನವರು ಹೆಸರೂ ಹೇಳದೆ ಹೋದರು. ಉಳಿದವರೆಲ್ಲ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿಂದೆವು.

ಮೂರನೆಯ ದಿನ: ಮುಳ್ಳೇರಿಯ, ಆದೂರು

ಈ ಪ್ರವಾಸಕ್ಕೆ ಇನ್ನೊಂದು ಕಾರಣ ಇತ್ತು. ಮಡಚುವ ಕಂಠ ನೋಡಬೇಕಿತ್ತು.

ಕಂಠ ಅಂದರೆ ಓಲೆಗರಿಯ ಮೇಲೆ ಗೀರಿ ಬರೆಯುವ ಕಬ್ಬಿಣದ ಲೇಖನಿ. ಮಲಯಾಳದಲ್ಲಿ ನಾರಾಯಂ. ಬಹಳಷ್ಟು ಕಂಠಗಳು ಉದ್ದನೆಯ ಸಲಾಕೆಯ ಹಾಗೆ ಇರುತ್ತವೆ. ಮಡಚುವವೂ ಇದ್ದವು: ಹಿಡಿಯ ಒಂದು ಕಡೆಯಿಂದ ಬರೆಯುವ ಮೊನೆ, ಇನ್ನೊಂದು ಕಡೆಯಿಂದ ಗರಿಯ ಅಂಚು ಕತ್ತರಿಸುವ ಚಾಕು. ಎರಡನ್ನೂ ಹಿಡಿಯೊಳಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ತಮಿಳಿನಲ್ಲಿ ಇದಕ್ಕೆ ಮಡಕ್ಕೆಳುತ್ತಾಣಿ ಅಂತ ಹೆಸರೇ ಇದೆ. ಮಡಚುಕತ್ತಿ ನಮಗೆ ಬರೀ ಇಂಗ್ಲೆಂಡಿನಿಂದ ಬಂದಿದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪದೇ ಇರುವುದು ಇದರಿಂದಲೇ.

ಆದೂರಿನ ಕಡೆ ಒಂದು ಜೋಯಿಸರ ಮನೆಯಲ್ಲಿ ಅಂಥದ್ದು ಇದೆ ಅಂತ ಚಿಕ್ಕಮ್ಮ ಹೇಳಿದ್ದರು. ಮೊದಲೇ ಫೋನ್ ಮಾಡಿ, ಬೆಳಿಗ್ಗೆ ಹತ್ತರ ಮೇಲೆ ಬನ್ನಿ ಅನ್ನಿಸಿಕೊಂಡು ಹೊರಟೆವು. ತಮ್ಮನ ಬೈಕು. ಮುಳ್ಳೇರಿಯದವರೆಗೂ ತಿರುವು, ತಿರುವಿನ ಮೇಲೆ ತಿರುವು. ನಿನ್ನೆಯ ಮಳೆಗೆ ಗೇರುಹೂವಿನ ವಾಸನೆ ರಸ್ತೆಗೇ ಇಳಿದಿತ್ತು. ಆದೂರಿನ ಹತ್ತಿರ ಪಯಸ್ವಿನಿ ಸಿಕ್ಕಿತು. ಕೊಡಗಿನ ಕಡೆಯ ಬೆಟ್ಟದಿಂದ ಇಳಿದು ಬರುವ ಹೊಳೆ. ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಆ ಬೆಟ್ಟದ ಮೇಲೆ ಕೊಡವರು ಸೊಂಟಕ್ಕೆ ಸಿಕ್ಕಿಸುವುದು ಪೀಚೆಕತ್ತಿ. ಇಳಿದು ಬಂದರೆ ನಮ್ಮ ಮನೆಗಳಲ್ಲಿ ಪೀಶಕತ್ತಿ, ತುಳುವಿನಲ್ಲಿ ಬಿಸತ್ತಿ, ಮಲಯಾಳದಲ್ಲಿ ಪಿಚ್ಚಾತ್ತಿ. ಕತ್ತಿ ಸಣ್ಣದೋ ದೊಡ್ಡದೋ, ಮಡಚುವುದೋ ಅಲ್ಲವೋ, ಹೆಸರು ಮಾತ್ರ ಹೊಳೆಯ ಜೊತೆಗೇ ಇಳಿದ ಹಾಗೆ ಇದೆ.

ಜೋಯಿಸರಿಗೆ ಎಂಬತ್ತರ ಆಸುಪಾಸು. ಮೊದಲು ಓಲೆಯ ಕಟ್ಟು ತೋರಿಸಿದರು. ಶ್ರೀತಾಳೆಯ ಗರಿ. ಕಟ್ಟು ಬಿಚ್ಚುವಾಗ ಹಳೆ ಎಣ್ಣೆಯ ಪರಿಮಳ. ಶ್ರೀತಾಳೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ. ಈ ಸುತ್ತಿನಲ್ಲಿ ಈಗ ಕಾಣಸಿಗುವುದೇ ಅಪರೂಪ ಅಂದರು. ಓಲೆಯ ಅಕ್ಷರ ತುಳುಲಿಪಿ. ನನಗೆ ಓದಲು ಬರುವುದಿಲ್ಲ. ಅವರ ಎಂಟನೇ ಕ್ಲಾಸಿನ ಮೊಮ್ಮಗಳು ಕೂಡಿಸಿ ಕೂಡಿಸಿ ಓದಿದಳು.

ಆಮೇಲೆ ಒಳಗಿನಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ್ದನ್ನು ತಂದರು.

ಮುಚ್ಚಿದಾಗ ಗೇಣಿಗೆ ಎರಡು ಬೆರಳು ಕಡಿಮೆ. ಹಿಡಿ ಎಮ್ಮೆಕೊಂಬು, ಮೇಲೆ ಹಿತ್ತಾಳೆಯ ಸಣ್ಣ ಸಣ್ಣ ಚುಕ್ಕಿ. ಚಾಕುವಿನ ಅಲಗು ಸಾಣೆ ಹಿಡಿದೂ ಹಿಡಿದೂ ವೀಳ್ಯದೆಲೆಯ ತೊಟ್ಟಿನಷ್ಟು ಸಪೂರ ಆಗಿತ್ತು. ಕಂಠದ ಮೊನೆ ಸೂಜಿಯಷ್ಟು ಚೂಪಿಲ್ಲ, ಸ್ವಲ್ಪ ಮೊಂಡು. ಚೂಪಾದರೆ ಗರಿ ಹರಿಯುತ್ತದೆ. ಸ್ಪ್ರಿಂಗ್ ಇಲ್ಲ. ರಿವಿಟ್ಟಿನ ಬಿಗಿಯಲ್ಲೇ ಎರಡೂ ನಿಲ್ಲುತ್ತವೆ. ಎಷ್ಟು ಬಿಗಿ ಅಂದರೆ ಮೊಮ್ಮಗಳಿಗೆ ತೆರೆಯಲು ಆಗಲಿಲ್ಲ. ಜೋಯಿಸರು ಒಂದೇ ಬೆರಳಿನಲ್ಲಿ ತೆರೆದರು. ಎಲ್ಲಿ ಒತ್ತಬೇಕು ಅನ್ನುವುದು ಆ ಬೆರಳಿಗೆ ಗೊತ್ತಿತ್ತು.

ಖಾಲಿ ಗರಿಯ ಒಂದು ತುಂಡು ನನಗೂ ಕೊಟ್ಟರು. ಕಾಗದದ ಮೇಲೆ ಬರೆಯುವ ಹಾಗೆ ಕೈ ಓಡಿಸಿದೆ. ಮೊನೆ ಜಾರಿತು. "ಹಾಗಲ್ಲ. ಕಂಠ ನಿಂತಲ್ಲೇ ಇರಬೇಕು, ಗರಿ ನಡೀಬೇಕು" ಅಂದರು. ಎಡಗೈಯ ಹೆಬ್ಬೆರಳು ಮೊನೆಗೆ ಆನಿಕೆ. ಅವರ ತಂದೆ ಆ ಉಗುರಿಗೆ ಒಂದು ಸಣ್ಣ ಕಚ್ಚು ಹಾಕಿಕೊಂಡಿದ್ದರಂತೆ, ಮೊನೆ ಕೂರಲಿಕ್ಕೆ. ಅರ್ಧ ಗಂಟೆಗೆ ನನ್ನಿಂದ ಆಗಿದ್ದು ನಾಲ್ಕು ಅಕ್ಷರ. ಬರೆದದ್ದು ಕಾಣುವುದೇ ಇಲ್ಲ. ದೀಪದ ಮಸಿಗೆ ಎಣ್ಣೆ ಕಲಸಿ ಒರೆಸಿದ ಮೇಲೆ, ಗೀರಿದಲ್ಲಿ ಮಾತ್ರ ಕಪ್ಪು ಉಳಿದು, ಅಜ್ಜನ ಹೆಸರು ಮೇಲೆದ್ದು ಬಂತು.

ಇಂಗ್ಲಿಷಿನವರು ಈ ಸಣ್ಣ ಚಾಕುವಿಗೆ ಪೆನ್‌ನೈಫ್ ಅಂದಿದ್ದು ಹಕ್ಕಿ ಗರಿಯ ಲೇಖನಿಯನ್ನು ಅದರಿಂದ ಚೂಪು ಮಾಡುತ್ತಿದ್ದರಿಂದ. ಮಲಯಾಳದಲ್ಲಿ ಈಗಲೂ ಪೇನಾಕತ್ತಿ. ಅಲ್ಲಿ ಹಕ್ಕಿಯ ಗರಿ, ಇಲ್ಲಿ ತಾಳೆಯ ಗರಿ. ಎರಡೂ ಕಡೆ ಕಿಸೆಯ ಚಾಕು ಬರೆಯುವವರ ಜೊತೆಗಿತ್ತು. ಜೋಯಿಸರಿಗೆ ಇದನ್ನು ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು, ಮೊಮ್ಮಗಳನ್ನು ಕರೆದು ಮತ್ತೊಮ್ಮೆ ಹೇಳಿಸಿದರು.

ಕೊಡುತ್ತೀರಾ ಅಂತ ನಾನು ಕೇಳಲಿಲ್ಲ. ಇಂಥದ್ದು ಇರಬೇಕಾದ್ದು ಆ ಓಲೆಗಳ ಪಕ್ಕದಲ್ಲಿ. ಬೇರೆ ಯಾರೋ ಬಂದು ಆನೆದಂತದ ಹಿಡಿಯ ಕಂಠ ಇದ್ದರೆ ಎಷ್ಟಾದರೂ ಕೊಡುತ್ತೇವೆ ಅಂದಿದ್ದರಂತೆ. ಜೋಯಿಸರು ಗೇಟಿನವರೆಗೆ ಬಿಟ್ಟು ಬಂದರಂತೆ. ಸರಿಯೇ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ ಕೊಂಬಾಗಲಿ ಆನೆದಂತವಾಗಲಿ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಹಳೆಯದು ಅಂತ ಯಾರು ಎಷ್ಟು ಹೇಳಿದರೂ ಕೈ ಹಾಕಬಾರದು. ಎಮ್ಮೆಕೊಂಬು, ಮರ, ಹಿತ್ತಾಳೆಗೆ ತೊಂದರೆ ಇಲ್ಲ.

ಕೊಳ್ಳದೇ ಇರುವ ಚಾಕುಗಳಿಗೆ ನನ್ನ ಹತ್ತಿರ ಒಂದು ನೋಟ್ ಪುಸ್ತಕ ಇದೆ. ಚಾಕುವನ್ನು ಹಾಳೆಯ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೆಯುತ್ತೇನೆ. ತೆರೆದದ್ದು ಒಂದು, ಮುಚ್ಚಿದ್ದು ಒಂದು. ಪಕ್ಕದಲ್ಲಿ ಅಳತೆ, ಎಲ್ಲಿ ಸವೆದಿದೆ, ಮನೆಯವರು ಅದನ್ನು ಏನಂತ ಕರೆಯುತ್ತಾರೆ ಅನ್ನುವುದು. ಕಂಠವನ್ನು ಮೊಮ್ಮಗಳು ಹಿಡಿದುಕೊಂಡಳು, ನಾನು ಎಳೆದೆ. ಒಂದು ಕಡೆ ಅವಳ ಬೆರಳಿನ ಸುತ್ತವೂ ಗೆರೆ ಹೋಯಿತು. ಅಳಿಸಲಿಲ್ಲ.

ಊಟ ಮಾಡದೆ ಬಿಡಲಿಲ್ಲ. ಗುಜ್ಜೆ (ಎಳೆ ಹಲಸು) ಪಲ್ಯ, ಕುಚ್ಚಿಲಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಗುಜ್ಜೆ ಹೆಚ್ಚಿದ ಮೆಟ್ಟುಕತ್ತಿಯನ್ನೂ ತೋರಿಸಿ ಅಂದೆ. ಜೋಯಿಸರ ಸೊಸೆ ನಗುತ್ತಾ ಅಡುಗೆಮನೆಗೆ ಕರೆದುಕೊಂಡು ಹೋದರು.

ನಾಲ್ಕನೆಯ ದಿನ: ಮತ್ತೆ ಆಚಾರಿ, ಕುಂಬಳೆ ಬಸ್ ಸ್ಟ್ಯಾಂಡ್

ಬೆಳಿಗ್ಗೆ ಮಂಜು. ತೋಟದ ಮೇಲೆ ಸೂರ್ಯ ಬಿಳಿ ಬಟ್ಟಲಿನ ಹಾಗೆ ಕಾಣುತ್ತಿದ್ದ. ಆಚಾರಿ ನಾನು ಬರಲಿ ಅಂತ ಕೊನೆಯ ರಿವಿಟ್ ಹೊಡೆಯದೆ ಇಟ್ಟಿದ್ದರು. ಗೋಡೆಯ ಹಳೆ ಕ್ಯಾಲೆಂಡರಿನ ಮೂಲೆ ಹರಿದು, ಅಲಗಿನ ಬುಡಕ್ಕೂ ಹಿತ್ತಾಳೆ ತಗಡಿಗೂ ನಡುವೆ ಸಿಕ್ಕಿಸಿದರು. ಹಿತ್ತಾಳೆಯ ತಂತಿ ತೂರಿಸಿ, ಎರಡೂ ಕಡೆ ಮೆಲ್ಲಗೆ ತಟ್ಟಿ ತಲೆ ಅರಳಿಸಿದರು. ಆಮೇಲೆ ಕಾಗದವನ್ನು ಎಳೆದು ತೆಗೆದರು. ಒಂದು ಕಾಗದದಷ್ಟು ಸಂದು. ಅಲಗು ತಿರುಗಲು ಅಷ್ಟೇ ಸಾಕು, ಅಲ್ಲಾಡಲು ಅಷ್ಟು ಸಾಲದು.

ಒಂದು ಹನಿ ತೆಂಗಿನೆಣ್ಣೆ. ತೆರೆದರು. ಟಕ್. ಮುಚ್ಚಿದರು. ಟಕ್.

ಅಲಗಿನ ತುಕ್ಕು ಹೋಗಿತ್ತು. ಅಲ್ಲಲ್ಲಿ ಹುಳು ತಿಂದ ಹಾಗೆ ಗುಳಿ. ಹಳೆಯ ಕಪ್ಪು ಬೆನ್ನಿನ ಕಡೆ ಹಾಗೇ ಉಳಿದಿತ್ತು. ಬಾಯಿಯ ಕಡೆ ಮಾತ್ರ ಸಾಣೆ ಹಿಡಿದ ಬಿಳಿ ಗೆರೆ. ಎಷ್ಟು ಕೊಡಲಿ ಅಂದೆ. 300 ಅಂದರು. ಎರಡು ದಿನದ ಕೆಲಸ, ಕಡಿಮೆಯಾಯಿತು ಅಂದೆ. ಇನ್ನೊಂದು ಮಾಡಿಕೊಡುತ್ತೀರಾ, ಪೂರ್ತಿ ಹೊಸದು, ನಿಮ್ಮ ತಂದೆ ಮಾಡುತ್ತಿದ್ದ ಹಾಗೆ, ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಗರಗಸದ ಉಳಿದ ತುಂಡನ್ನು ಎತ್ತಿ ನೋಡಿ, ಮಾಡಿನ ಸಂದಿಗೆ ಸಿಕ್ಕಿಸಿಟ್ಟರು. ಮುಂಗಡವಾಗಿ 1,000 ಅಡಿಗಲ್ಲಿನ ಮೇಲೆ ಇಟ್ಟು ಬಂದೆ.

ಚಿಕ್ಕಮ್ಮ ಒಂದು ಚೀಲ ಅಡಕೆ, ಹಪ್ಪಳ, ಎರಡು ಗುಜ್ಜೆ ಹೊರಿಸಿದರು. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಆ ಚೀಲದೊಳಗೆ ಇಟ್ಟೆ. ಕಾನೂನಿನಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ, ಮನೆಗೆಲಸ ಕೃಷಿಗೆ ಅಂತ ಮಾಡಿದ್ದು ಬಿಟ್ಟು. ನನ್ನಲ್ಲಿರುವುದು ಯಾವುದೂ 4 ಇಂಚು ದಾಟಿಲ್ಲ. ಆದರೂ ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವುದಿಲ್ಲ. ವಿಮಾನದಲ್ಲಾದರೆ ಕೈಚೀಲದಲ್ಲಿ ಒಯ್ಯಲು ಬಿಡುವುದೇ ಇಲ್ಲ.

ಕುಂಬಳೆಯಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜ ಬಂದು ಕೂತರು. ತೊಡೆಯ ಮೇಲೆ ಎಲೆಯಡಕೆಯ ಚಂಚಿ ಬಿಚ್ಚಿದರು. ಎಲೆ ಇತ್ತು, ಸುಣ್ಣ ಇತ್ತು, ಸಿಪ್ಪೆ ಸುಲಿದ ಹಸಿ ಅಡಕೆ ಒಂದು ಇಡಿಯಾಗಿ ಇತ್ತು. ಚಂಚಿ ಪೂರ್ತಿ ತಡಕಿದರು, ಕಿಸೆ ತಡಕಿದರು. ಆಮೇಲೆ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಬಿಸತ್ತಿ ಉಂಡಾ?" ಅಂದರು.

ಚೀಲದಿಂದ ಬಟ್ಟೆ ತೆಗೆದು, ಬಿಚ್ಚಿ ಕೊಟ್ಟೆ. ಅವರು ನೋಡದೇ ಹಿಡಿದರು. ಹೆಬ್ಬೆರಳು ನೇರ ಆ ಗುಳಿಯಲ್ಲಿ ಹೋಗಿ ಕೂತಿತು. ಉಗುರು ಗೀರಿಗೆ ಹಾಕಿ ತೆರೆದು, ಆ ಟಕ್ ಸದ್ದಿಗೆ ಹುಬ್ಬು ಏರಿಸಿ, ಅಡಕೆಯನ್ನು ಅಂಗೈಯಲ್ಲಿಟ್ಟುಕೊಂಡು ಎಂಟು ಹೋಳು ಮಾಡಿದರು. ಎರಡು ಹೋಳು ನನಗೂ ಕೊಟ್ಟರು. ಚಾಕುವನ್ನು ಪಂಚೆಯ ಅಂಚಿಗೆ ಒರೆಸಲು ಹೋದರು. ಬೇಡ ಅಜ್ಜಾ, ಹಾಗೇ ಕೊಡಿ ಅಂದೆ.

ಬಸ್ ಹತ್ತಿ ಕೂತ ಮೇಲೆ ತೆರೆದು ನೋಡಿದೆ. ಸಾಣೆ ಹಿಡಿದ ಬಿಳಿ ಗೆರೆಯ ಮೇಲೆ ಅಡಕೆಯ ಹಸಿ ಇನ್ನೂ ಆರಿರಲಿಲ್ಲ. ಉಪ್ಪಳ ದಾಟುವಾಗ ಅದು ಬೂದು ಬಣ್ಣಕ್ಕೆ ತಿರುಗಿತ್ತು. ತಲಪಾಡಿ ಬರುವಾಗ ನೀಲಿ.